ಇಂಗ್ಲೆಂಡಿನ ಓಣಿದಾರಿಗಳು ಮತ್ತು ಸೈಕಲ್ ಸವಾರರು: ಒಂದು ಐತಿಹಾಸಿಕ ವಿವೇಚನೆ

ಇಂಗ್ಲೆಂಡಿನ ಗ್ರಾಮಾಂತರ ಪ್ರದೇಶವನ್ನು ಕುರಿತು ಬರೆದವರಲ್ಲಿ ಬಹುಮಂದಿ ಅಲ್ಲಿಯ ಕಿರುದಾರಿಗಳನ್ನು ವರ್ಣಿಸದೆ ಬಿಟ್ಟಿಲ್ಲ. ಇಕ್ಕೆಲಗಳಲ್ಲಿಯೂ ಹಸುರುಬೇಲಿ, ಬೇಲಿಯ ಬುಡದಲ್ಲಿ ಹುಲ್ಲು ಹೂವು, ಒಂದು ಗಾಡಿ ಹೋಗುವಷ್ಟು ಅಗಲ, ನಾಲ್ಕು ಮಾರು ನಡೆಯುವುದರೊಳಗೆ ಒಂದು ತಿರುವು—ಇದು ಅವುಗಳ ಸಾಮಾನ್ಯ ಸ್ವರೂಪ. ಇಂಗ್ಲಿಷಿನಲ್ಲಿ ಇವಕ್ಕೆ ‘ಲೇನ್’ ಎಂದು ಹೆಸರು. ಹೊಲಗಳ ನಡುವೆ ಬೇಲಿಗಳ ಸಂದಿನಲ್ಲಿ ಹಾಯ್ದುಹೋಗುವ ದಾರಿಗೆ ನಮ್ಮ ಹಳ್ಳಿಗಳಲ್ಲಿ ‘ಓಣಿ’ ಎಂಬ ಮಾತು ಬಳಕೆಯಲ್ಲಿರುವುದರಿಂದ ಈ ಲೇಖನದಲ್ಲಿ ಅವನ್ನು ಓಣಿದಾರಿಗಳೆಂದು ಕರೆಯಲಾಗಿದೆ. ಮೋಟಾರು ಸಂಚಾರ ವಿರಳವಾದ ಇಂಥ ದಾರಿಗಳನ್ನು ಅರಸಿಕೊಂಡು ಸೈಕಲ್ ಸವಾರರು ಇಂದು ಬಹುದೂರ ಸಂಚರಿಸುತ್ತಾರೆ. ಅವರಿಗಾಗಿ ನಕ್ಷೆಗಳೂ ಮಾರ್ಗದರ್ಶಕ ಪುಸ್ತಕಗಳೂ ಸಿದ್ಧವಾಗಿವೆ. ಈ ದಾರಿಗಳ ನಿಶ್ಶಬ್ದತೆ ಅನಾದಿಯಾದುದು, ಯಂತ್ರಯುಗದ ಗದ್ದಲ ಮುಟ್ಟದೆ ಉಳಿದ ಹಳೆಯ ಇಂಗ್ಲೆಂಡಿನ ಒಂದು ತುಣುಕು ಅದು ಎಂಬುದು ಸಾಮಾನ್ಯ ಭಾವನೆ.

ಈ ಭಾವನೆಯನ್ನು ಪರೀಕ್ಷಿಸುವುದೇ ಇಲ್ಲಿಯ ಉದ್ದೇಶ. ದಾರಿಗಳು ಹಳೆಯವು, ನಿಜ. ಆದರೆ ಅವುಗಳ ನಿಶ್ಶಬ್ದತೆ ಹಳೆಯದಲ್ಲ. ಅಷ್ಟೇ ಅಲ್ಲ, ಇಂಗ್ಲೆಂಡಿನ ದಾರಿಗಳಲ್ಲಿ ನಿಶ್ಶಬ್ದತೆ ಎಂಬುದು ಕಳೆದ ಎರಡು ಶತಮಾನಗಳಲ್ಲಿ ಒಂದೆಡೆ ನಿಂತುದೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದು ಹೆದ್ದಾರಿಯ ಮೇಲಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಓಣಿದಾರಿಗೆ ಸರಿಯಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ, ಹಳಿ ಕಿತ್ತ ರೈಲುದಾರಿಯ ದಿಬ್ಬವನ್ನು ಏರಿತು. ಸೈಕಲ್ ಸವಾರನು ಪ್ರತಿ ಬಾರಿಯೂ ಅದರ ಹಿಂದೆ ಹೋದನು. ಹೋಗಬೇಕಾಗಿ ಬಂದುದೇಕೆ, ಆ ಪ್ರಯಾಣದಲ್ಲಿ ಆತನ ಹಕ್ಕಿಗೆ ಏನಾಯಿತು ಎಂಬುದನ್ನು ಮುಂದೆ ವಿವೇಚಿಸಲಾಗುವುದು.

ಮೊದಲು ದಾರಿಗಳ ಪ್ರಾಚೀನತೆಯ ಮಾತು. ಡಬ್ಲ್ಯು. ಜಿ. ಹಾಸ್ಕಿನ್ಸರು 1955ರಲ್ಲಿ ಇಂಗ್ಲೆಂಡಿನ ಭೂದೃಶ್ಯದ ರಚನೆಯನ್ನು ಕುರಿತು ಪ್ರಕಟಿಸಿದ ಗ್ರಂಥವು ಈ ವಿಷಯದಲ್ಲಿ ಹೊಸ ದೃಷ್ಟಿಯನ್ನು ತೆರೆಯಿತು. ಬೇಲಿ, ಕಂದಕ, ದಾರಿಯ ತಿರುವು ಇವೆಲ್ಲವನ್ನೂ ಶಾಸನಪತ್ರಗಳಂತೆಯೇ ಓದಬಹುದೆಂದು ಅವರು ತೋರಿಸಿಕೊಟ್ಟರು. ಡೆವನ್ ಸೀಮೆಯ ಕೆಲವು ಆಳವಾದ ಓಣಿದಾರಿಗಳು ಸ್ಯಾಕ್ಸನ್ ಕಾಲದ ಜಮೀನುಗಳ ಗಡಿಕಂದಕಗಳೇ ಎಂಬುದು ಅವರ ಅಭಿಪ್ರಾಯ. ಮುಂದೆ 1986ರಲ್ಲಿ ಆಲಿವರ್ ರ‍್ಯಾಕಮ್ ಅವರು ಇಂಗ್ಲೆಂಡಿನ ಗ್ರಾಮಾಂತರವನ್ನು ‘ಪ್ರಾಚೀನ’ ಮತ್ತು ‘ಯೋಜಿತ’ ಎಂದು ಎರಡಾಗಿ ವಿಂಗಡಿಸಿದರು. ಡೆವನ್, ಹೆರಿಫರ್ಡ್‌ಷೈರ್, ಕೆಂಟ್, ಎಸೆಕ್ಸ್ ಮೊದಲಾದ ಕಡೆ ಹೊಲಗಳು ವಕ್ರವಾಗಿಯೂ ದಾರಿಗಳು ಅಸಂಖ್ಯವಾಗಿಯೂ ಇವೆ. ಮಧ್ಯದ ಸೀಮೆಗಳಲ್ಲಿಯಾದರೋ ಹೊಲಗಳು ಗೆರೆ ಕೊರೆದಂತೆ ನೇರ, ದಾರಿಗಳೂ ನೇರ. ಸೈಕಲ್ ಸವಾರನಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲನೆಯ ಬಗೆಯ ಸೀಮೆಯಲ್ಲಿ ಆತನ ಕಾಲುಗಳು ನೋಯುತ್ತವೆ, ಎರಡನೆಯದರಲ್ಲಿ ಎದುರುಗಾಳಿ ಆತನನ್ನು ತಡೆಯುತ್ತದೆ.

ಯೋಜಿತ ಸೀಮೆಯ ದಾರಿಗಳ ಹುಟ್ಟನ್ನು ನಾವು ನಿಖರವಾಗಿ ಬಲ್ಲೆವು. 1750ರಿಂದ 1850ರವರೆಗಿನ ನೂರು ವರ್ಷಗಳಲ್ಲಿ ಪಾರ್ಲಿಮೆಂಟು ನಾಲ್ಕು ಸಾವಿರಕ್ಕೂ ಹೆಚ್ಚು ಆವರಣ ಶಾಸನಗಳನ್ನು ಅಂಗೀಕರಿಸಿತು. ಊರೊಟ್ಟಿನ ಬಯಲುಗಳೂ ಗೋಮಾಳಗಳೂ ಖಾಸಗಿ ಹೊಲಗಳಾಗಿ ಬೇಲಿಯೊಳಗೆ ಸೇರಿದುವು. ನೂರಾರು ಬಡ ಒಕ್ಕಲುಗಳು ಹಸು ಮೇಯಿಸುವ ಹಕ್ಕನ್ನು ಕಳೆದುಕೊಂಡುವು. ಭೂಮಿಯನ್ನು ಅಳೆದು ಹಂಚಿದ ಅಧಿಕಾರಿಗಳೇ ದಾರಿಗಳನ್ನೂ ಗೊತ್ತುಮಾಡಿದರು. 1801ರ ಸಾಮಾನ್ಯ ಶಾಸನದ ಪ್ರಕಾರ ಸಾರ್ವಜನಿಕ ಬಂಡಿದಾರಿ 30 ಅಡಿಗೆ ಕಡಮೆಯಿರಕೂಡದು; 40 ಅಡಿ ಅಗಲದ ದಾರಿಗಳು ಸಾಮಾನ್ಯವಾಗಿದ್ದುವು. ಕಲ್ಲು ಹಾಸದ ದಾರಿಯಲ್ಲಿ ಬಂಡಿಗಳು ಕೆಸರಿನ ಗುಂಡಿಗಳನ್ನು ಬಳಸಿಕೊಂಡು ಹೋಗಲು ಅಷ್ಟು ಅಗಲ ಬೇಕಾಗಿದ್ದಿತು. ಇಂದು ಅದರ ನಡುವೆ ಹತ್ತು ಹನ್ನೆರಡು ಅಡಿ ಮಾತ್ರ ಡಾಂಬರು ಕಂಡಿದೆ. ಉಳಿದುದೆಲ್ಲ ಹುಲ್ಲಿನ ಅಂಚು. ಯಾರ್ಕ್‌ಷೈರಿನ ವೋಲ್ಡ್ಸ್ ಗುಡ್ಡಗಳಲ್ಲಿ 2011ರಲ್ಲಿ 146 ಮೈಲಿಗಳ ಸೈಕಲ್ ಸುತ್ತುದಾರಿಯೊಂದನ್ನು ಗುರುತಿಸಲಾಗಿದೆ. ಆ ಸೀಮೆಯ ವಿಶಾಲವಾದ ಹುಲ್ಲಂಚುಗಳನ್ನು ನೋಡಿ ಆನಂದಿಸುವ ಪ್ರವಾಸಿ, ತಾನು ನೋಡುತ್ತಿರುವುದು ಒಂದು ಭೂಸ್ವಾಧೀನದ ಲೆಕ್ಕಪತ್ರವನ್ನು ಎಂದು ತಿಳಿಯುವುದು ಅಪರೂಪ.

ಪ್ರಾಚೀನ ಸೀಮೆಯ ಓಣಿದಾರಿಗಳ ಕಥೆ ಬೇರೆ. ಮೆತುಮಣ್ಣಿನ ಅಥವಾ ಮರಳುಗಲ್ಲಿನ ಇಳಿಜಾರುಗಳಲ್ಲಿ ಚಕ್ರ, ಗೊರಸು, ಮಳೆನೀರು ಈ ಮೂರೂ ಶತಮಾನಗಳ ಕಾಲ ಸವೆಸಿದುದರಿಂದ ದಾರಿಗಳು ಹೊಲದ ಮಟ್ಟಕ್ಕಿಂತ ಬಹು ಕೆಳಗೆ ಇಳಿದಿವೆ. ಹ್ಯಾಂಪ್‌ಷೈರಿನ ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್ 1789ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅಲ್ಲಿಯ ತಗ್ಗುದಾರಿಗಳು ಹದಿನಾರು ಹದಿನೆಂಟು ಅಡಿಗಳಷ್ಟು ಆಳವಾಗಿರುವುದನ್ನು ದಾಖಲಿಸಿದ್ದಾನೆ. ಈ ಸಂಗತಿಯಿಂದ ನಾವು ತೆಗೆಯಬೇಕಾದ ಅನುಮಾನ ಸ್ಪಷ್ಟವಾಗಿದೆ: ನಿಶ್ಶಬ್ದವಾದ ದಾರಿ ಹದಿನೆಂಟು ಅಡಿ ಸವೆಯುವುದಿಲ್ಲ. ಗೊಬ್ಬರದ ಬಂಡಿ, ಸಂತೆಯ ಕುದುರೆ, ಕುರಿಹಿಂಡು, ಕೂಲಿಯಾಳುಗಳ ಗುಂಪು, ಸುಣ್ಣದ ಹೇರು ಇವೆಲ್ಲ ಎಡೆಬಿಡದೆ ಓಡಾಡಿದ ಗುರುತೇ ಆ ಆಳ. ಇಂದು ಏಕಾಂತದ ಪ್ರತೀಕವಾಗಿ ನಮಗೆ ತೋರುವ ಓಣಿ ಹದಿನೆಂಟನೆಯ ಶತಮಾನದಲ್ಲಿ ಊರಿನ ಅತ್ಯಂತ ಗಜಿಬಿಜಿಯ ಸ್ಥಳಗಳಲ್ಲಿ ಒಂದಾಗಿದ್ದಿತು.

ಈ ದಾರಿಗಳನ್ನು ನೋಡಿಕೊಳ್ಳುವ ಭಾರ ಯಾರದು? 1555ರ ಶಾಸನವು ಅದನ್ನು ಆಯಾ ಪ್ಯಾರಿಷ್ಷಿನ, ಎಂದರೆ ಚರ್ಚಿನ ಗಡಿಗೆ ಸೇರಿದ ಗ್ರಾಮದ, ತಲೆಗೆ ಕಟ್ಟಿತು. ವರ್ಷಕ್ಕೆ ನಾಲ್ಕು ದಿನ, 1563ರಿಂದ ಆರು ದಿನ, ಗ್ರಾಮಸ್ಥರು ಕೂಲಿಯಿಲ್ಲದೆ ದಾರಿಯ ಕೆಲಸ ಮಾಡಬೇಕಾಗಿದ್ದಿತು. ಈ ಬಿಟ್ಟಿ ಕೆಲಸದ ಪದ್ಧತಿ 1835ರವರೆಗೂ ನಡೆಯಿತು. ಎಷ್ಟು ಶ್ರದ್ಧೆಯಿಂದ ನಡೆಯಿತೆಂಬುದನ್ನು ವಾಚಕರೇ ಊಹಿಸಬಹುದು. ದೂರ ಪ್ರಯಾಣಕ್ಕೆ ಇದು ಸಾಲದೆ, 1663ರಲ್ಲಿ ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಮಹಾಮಾರ್ಗದ ಒಂದು ಭಾಗದಲ್ಲಿ ಸುಂಕದ ಅಗಸೆಯನ್ನು ನಿಲ್ಲಿಸಿದರು. ಆ ‘ಟರ್ನ್‌ಪೈಕ್’ ಪದ್ಧತಿ ಬೆಳೆದು, 1830ರ ದಶಕದ ವೇಳೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು ಸಾವಿರ ಟ್ರಸ್ಟುಗಳ ಕೈಯಲ್ಲಿ 20,000 ಮೈಲಿಗೂ ಮಿಕ್ಕ ರಸ್ತೆ ಸೇರಿದ್ದಿತು. ಉಳಿದ ದಾರಿಗಳೆಲ್ಲ ಇದರ ಐದಾರು ಪಟ್ಟು ಉದ್ದವಿದ್ದುವು. ಅವು ಗ್ರಾಮದ ಬಡ ಆರೈಕೆಯಲ್ಲೇ ಉಳಿದುವು. ಹೆದ್ದಾರಿ ಮತ್ತು ಓಣಿದಾರಿ ಎಂಬ ಭೇದ ದೃಢವಾದುದು ಈ ಕಾಲದಲ್ಲಿ. 1820ರ ದಶಕದಲ್ಲಿ ಕುದುರೆಯ ಮೇಲೆ ನಾಡನ್ನು ಸುತ್ತಿದ ವಿಲಿಯಂ ಕಾಬೆಟ್ ಸುಂಕದ ರಸ್ತೆಗಳನ್ನು ಬೇಕೆಂದೇ ಬಿಟ್ಟು ಅಡ್ಡದಾರಿಗಳನ್ನು ಹಿಡಿದನು. ಆದರೆ ಆತ ಅಲ್ಲಿಗೆ ಹೋದುದು ಏಕಾಂತಕ್ಕಾಗಿ ಅಲ್ಲ, ಜನರನ್ನು ಕಾಣುವುದಕ್ಕಾಗಿ.

ಇಷ್ಟರಲ್ಲಿ ರೈಲು ಬಂದಿತು. 1830ರಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ಮಾರ್ಗ, 1838ರಲ್ಲಿ ಲಂಡನ್-ಬರ್ಮಿಂಗ್‌ಹ್ಯಾಮ್ ಮಾರ್ಗ ತೆರೆದುವು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಸಾರೋಟುಗಳ ವೈಭವ ಕರಗಿಹೋಯಿತು. ಐವತ್ತು ಅರುವತ್ತು ಕುದುರೆಗಳನ್ನು ಕಟ್ಟುತ್ತಿದ್ದ ದಾರಿಬದಿಯ ಛತ್ರಗಳು ಬಾಗಿಲು ಹಾಕಿದುವು. ಹೆದ್ದಾರಿಯಲ್ಲಿ ಹುಲ್ಲು ಮೊಳೆಯಿತು. ಸುಂಕದ ಟ್ರಸ್ಟುಗಳು ಒಂದೊಂದಾಗಿ ದಿವಾಳಿಯೆದ್ದು, ವೇಲ್ಸ್‌ನ ಆಂಗ್ಲ್‌ಸೀ ದ್ವೀಪದ ಕೊನೆಯ ಟ್ರಸ್ಟು 1895ರಲ್ಲಿ ಮುಕ್ತಾಯವಾಯಿತು. ಇದರೊಡನೆ ಇನ್ನೊಂದು ಸಂಗತಿಯೂ ಕೂಡಿಕೊಂಡಿತು. 1851ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಪಟ್ಟಣವಾಸಿಗಳ ಸಂಖ್ಯೆ ಮೊದಲ ಬಾರಿಗೆ ಹಳ್ಳಿಗರ ಸಂಖ್ಯೆಯನ್ನು ಮೀರಿತು. 1870ರ ದಶಕದಲ್ಲಿ ಅಮೆರಿಕದ ಅಗ್ಗದ ಗೋಧಿ ಬಂದು ಇಳಿದಾಗ ಬೇಸಾಯ ಕುಸಿದು, ಕೂಲಿಯಾಳುಗಳು ಊರು ಬಿಟ್ಟರು. ಓಣಿದಾರಿಗಳು ಬರಿದಾಗತೊಡಗಿದುದು ಆಗ. ನಾವು ಸೌಂದರ್ಯವೆಂದು ಸವಿಯುವ ಆ ಮೌನದಲ್ಲಿ ಒಂದು ಪಾಲು, ಹೊರಟುಹೋದ ಜನರ ಮೌನ.

ಬರಿದಾದ ಹೆದ್ದಾರಿಯ ಮೇಲೆ ಸೈಕಲ್ಲು ಕಾಣಿಸಿಕೊಂಡಿತು. 1869ರಲ್ಲಿ ಕವೆಂಟ್ರಿಯ ಹೊಲಿಗೆಯಂತ್ರದ ಕಾರ್ಖಾನೆಯೊಂದು ಫ್ರಾನ್ಸಿನ ಮಾದರಿಯನ್ನನುಸರಿಸಿ ‘ವೆಲಾಸಿಪೀಡ್’ ಎಂಬ ಪಾದಚಾಲಿತ ಚಕ್ರಗಳನ್ನು ಮಾಡಲು ಕೈಹಾಕಿತು. ಜೇಮ್ಸ್ ಸ್ಟಾರ್ಲಿಯ ಎತ್ತರದ ಮುಂಗಾಲಿಯ ಬಂಡಿ, ಆತನ ಸೋದರಪುತ್ರ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೊರತಂದ ‘ರೋವರ್’ ಎಂಬ ಸಮಗಾಲಿಯ ಸೈಕಲ್ಲು, 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಸಿದ್ಧಪಡಿಸಿದ ಗಾಳಿ ತುಂಬಿದ ಟಯರು—ಈ ಕಥೆ ಪ್ರಸಿದ್ಧವಾದುದರಿಂದ ವಿಸ್ತರಿಸಬೇಕಾಗಿಲ್ಲ. ರ‍್ಯಾಲಿ, ಬಿ.ಎಸ್.ಎ. ಎಂಬ ಹೆಸರುಗಳು ನಮ್ಮ ಪಟ್ಟಣಗಳಲ್ಲಿಯೂ ಒಂದು ಕಾಲಕ್ಕೆ ಸೈಕಲ್ಲಿಗೆ ಪರ್ಯಾಯ ನಾಮಗಳೇ ಆಗಿದ್ದುವಷ್ಟೆ. ಇಲ್ಲಿ ಗಮನಿಸಬೇಕಾದುದು ಬೇರೊಂದು ವಿಷಯ. ಆ ಮೊದಲ ತಲೆಮಾರಿನ ಸವಾರರು ಓಣಿದಾರಿಗಳನ್ನು ಹುಡುಕಲಿಲ್ಲ. ಅವರು ಬಯಸಿದುದು ಹೆದ್ದಾರಿಯನ್ನೇ. ಅವರ ಸಂಘಗಳ ಹೆಸರುಗಳೇ ಇದಕ್ಕೆ ಸಾಕ್ಷಿ: 1885ರಲ್ಲಿ ಸ್ಥಾಪಿತವಾದುದು ‘ನಾರ್ತ್ ರೋಡ್’ ಸಂಘ, 1886ರಲ್ಲಿ ಸ್ಥಾಪಿತವಾದುದು ‘ಬಾತ್ ರೋಡ್’ ಸಂಘ. ಎರಡೂ ಸಾರೋಟುಗಳ ಕಾಲದ ರಾಜಮಾರ್ಗಗಳ ಹೆಸರುಗಳು. ಲಂಡನ್ನಿನ ಸವಾರರಿಗೆ ಪೋರ್ಟ್ಸ್‌ಮತ್ ಹೆದ್ದಾರಿಯ ಮೇಲಿನ ರಿಪ್ಲಿ ಎಂಬ ಸರ‍್ರೆ ಸೀಮೆಯ ಹಳ್ಳಿ ಒಂದು ಯಾತ್ರಾಸ್ಥಳದಂತಿದ್ದಿತು. ಅಲ್ಲಿಯ ‘ಆ್ಯಂಕರ್’ ಛತ್ರದಲ್ಲಿ ಡಿಬ್ಲ್ ಮನೆತನದ ಆ್ಯನಿ ಮತ್ತು ಹ್ಯಾರಿಯೆಟ್ ಸೋದರಿಯರು ಭಾನುವಾರಗಳಲ್ಲಿ ಸಾಲುಸಾಲಾಗಿ ಬರುತ್ತಿದ್ದ ಸವಾರರಿಗೆ ಊಟೋಪಚಾರ ನಡೆಸುತ್ತಿದ್ದರು. ಅಂತೂ ರೈಲು ಕೊಂದ ಹೆದ್ದಾರಿಯ ಛತ್ರಕ್ಕೆ ಮರಳಿ ಜೀವ ಬಂದುದು ಸೈಕಲ್ಲಿನಿಂದ.

ಆದರೆ ದಾರಿಯ ಮೇಲೆ ಈ ಹೊಸಬನ ಸ್ಥಾನವೇನು? ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯಾಗಿರಲಿಲ್ಲ. ಕುದುರೆಗಾಡಿಯವರು ಸವಾರರನ್ನು ಚಾವಟಿಯಿಂದ ಹೊಡೆದು ಕಂದಕಕ್ಕೆ ತಳ್ಳುತ್ತಿದ್ದುದುಂಟು. ಕೆಲವು ಸ್ಥಳೀಯ ಆಡಳಿತಗಳು ತಮಗೆ ತೋಚಿದಂತೆ ಉಪವಿಧಿಗಳನ್ನು ಮಾಡುತ್ತಿದ್ದುವು. 1879ರ ಟೇಲರ್-ಗುಡ್‌ವಿನ್ ಮೊಕದ್ದಮೆಯಲ್ಲಿ, ಅತಿವೇಗದ ಚಾಲನೆಯನ್ನು ದಂಡಿಸುವ ಮಟ್ಟಿಗೆ ಸೈಕಲ್ಲೂ ಒಂದು ‘ಗಾಡಿ’ಯೇ ಎಂದು ತೀರ್ಪಾಯಿತು. ತೀರ್ಪು ಸವಾರನಿಗೆ ವಿರುದ್ಧವಾದರೂ ಅದರ ತರ್ಕ ಅವನ ಪರವಾಗಿದ್ದಿತು, ಗಾಡಿಯಾದರೆ ಗಾಡಿಯ ಹಕ್ಕೂ ಉಂಟಲ್ಲವೆ? 1888ರ ಸ್ಥಳೀಯ ಆಡಳಿತ ಶಾಸನವು ಇದನ್ನು ಸ್ಪಷ್ಟವಾಗಿ ಘೋಷಿಸಿ, ಸ್ಥಳೀಯ ಉಪವಿಧಿಗಳನ್ನು ರದ್ದುಗೊಳಿಸಿತು. ಪಾದಚಾರಿಯನ್ನೋ ಬಂಡಿಯನ್ನೋ ಹಿಂದಿಕ್ಕುವಾಗ ಗಂಟೆ ಬಾರಿಸಬೇಕೆಂಬ ನಿಯಮವನ್ನು ಮಾತ್ರ ಸೇರಿಸಿತು. ಇಂಗ್ಲೆಂಡಿನ ಯಾವ ಮೂಲೆಯ ಓಣಿದಾರಿಯಲ್ಲಿಯೂ ಸೈಕಲ್ ಸವಾರನು ಇಂದು ನಿರ್ಭೀತನಾಗಿ ಹೋಗುವ ಹಕ್ಕು ಪಡೆದಿರುವುದು ಈ ಶಾಸನದ ಬಲದಿಂದ.

ಈ ಹಕ್ಕಿಗಾಗಿ ದುಡಿದ ಸಂಸ್ಥೆಗಳಲ್ಲಿ ಮುಖ್ಯವಾದುದು 1878ರ ಆಗಸ್ಟ್ 5ರಂದು ಹ್ಯಾರೋಗೇಟಿನಲ್ಲಿ ಸ್ಟ್ಯಾನ್ಲಿ ಕಾಟರೆಲ್ಲನ ಪ್ರೇರಣೆಯಿಂದ ಹುಟ್ಟಿದ ಬೈಸಿಕಲ್ ಪ್ರವಾಸಿಗರ ಸಂಘ. 1883ರಲ್ಲಿ ಅದು ‘ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್’ ಎಂಬ ಹೆಸರನ್ನು ತಳೆಯಿತು. 2016ರಿಂದ ‘ಸೈಕ್ಲಿಂಗ್ ಯುಕೆ’ ಎಂದು ಪರಿಚಿತವಾಗಿದೆ. ಕಡಿದಾದ ಇಳಿಜಾರುಗಳ ತಲೆಯಲ್ಲಿ ಎಚ್ಚರಿಕೆಯ ಹಲಗೆ ನೆಡುವುದು, ಸದಸ್ಯರಿಗೆ ಗೊತ್ತಾದ ದರದಲ್ಲಿ ವಸತಿ ಕೊಡುವ ಛತ್ರಗಳಿಗೆ ರೆಕ್ಕೆಯುಳ್ಳ ಚಕ್ರದ ಕಬ್ಬಿಣದ ಫಲಕ ತೂಗಿಸುವುದು, ನಕ್ಷೆಗಳನ್ನು ತಿದ್ದಿಸುವುದು ಅದರ ಕಾರ್ಯಗಳಾಗಿದ್ದುವು. ಬಾರ್ತಲೋಮ್ಯು ಸಂಸ್ಥೆಯ ಮೈಲಿಗೆ ಅರ್ಧ ಅಂಗುಲದ ನಕ್ಷೆಗಳು ಈ ಸಂಘದ ಸದಸ್ಯರು ಕಳಿಸಿದ ತಿದ್ದುಪಡಿಗಳಿಂದ ಪರಿಷ್ಕೃತವಾಗುತ್ತಿದ್ದುವು. ಸಂಘದ ಫಲಕವನ್ನು ತೂಗಿಸಿದ ಛತ್ರವು ಸದಸ್ಯರನ್ನು ಸತ್ಕರಿಸಲೇಬೇಕೆ ಎಂಬ ಪ್ರಶ್ನೆ ಒಮ್ಮೆ ನ್ಯಾಯಾಲಯಕ್ಕೂ ಹೋಯಿತು. 1898ರ ಅಕ್ಟೋಬರಿನಲ್ಲಿ ರಿಪ್ಲಿಗೆ ಸಮೀಪದ ಆಕಮ್ ಗ್ರಾಮದ ‘ಹೋಬಾಯ್’ ಹೋಟೆಲಿಗೆ ಲೇಡಿ ಹಾರ್ಬರ್ಟನ್ ಎಂಬ ಕುಲೀನ ಮಹಿಳೆ ಲಂಗದ ಬದಲು ಸಡಿಲವಾದ ಷರಾಯಿ ತೊಟ್ಟು ಸೈಕಲ್ಲಿನಲ್ಲಿ ಬಂದಳು. ಆ ಉಡುಪಿನಲ್ಲಿ ಕಾಫಿಯ ಕೋಣೆಗೆ ಪ್ರವೇಶವಿಲ್ಲ, ಬೇಕಾದರೆ ಮದ್ಯದ ಕೋಣೆಯಲ್ಲಿ ಕೂಡಬಹುದು ಎಂದು ಹೋಟೆಲಿನ ಒಡತಿ ಹೇಳಿದಳು. ಸಂಘ 1899ರಲ್ಲಿ ದಾವೆ ಹೂಡಿತು, ಮತ್ತು ಸೋತಿತು: ಕುಳ್ಳಿರಲು ಯಾವುದೋ ಒಂದು ಕೋಣೆಯನ್ನು ತೋರಿಸಿದ ಮೇಲೆ ನಿರಾಕರಿಸಿದಂತಾಗಲಿಲ್ಲ ಎಂದು ಪಂಚರು ಬಗೆದರು. ದಾರಿಯ ಮೇಲೆ ಸಮಾನಳಾದ ಹೆಂಗಸು ದಾರಿಬದಿಯ ಬಾಗಿಲಲ್ಲಿ ಇನ್ನೂ ಸಮಾನಳಾಗಿರಲಿಲ್ಲ ಎಂಬುದು ಇದರಿಂದ ವಿದಿತವಾಗುತ್ತದೆ.

ಈಗ ಈ ಇತಿಹಾಸದ ವಿಪರ್ಯಾಸದ ಭಾಗಕ್ಕೆ ಬರೋಣ. 1886ರಲ್ಲಿ ಸೈಕಲ್ ಸಂಘಟನೆಗಳು ಸೇರಿ ‘ರಸ್ತೆ ಸುಧಾರಣಾ ಸಂಘ’ವನ್ನು ಸ್ಥಾಪಿಸಿದುವು. ರೈಲಿನ ಕಾಲದಲ್ಲಿ ಹಾಳಾಗಿದ್ದ ರಸ್ತೆಗಳು ದೇಶದ ಆಸ್ತಿಯೆಂದು ಅಧಿಕಾರಿಗಳಿಗೂ ಜನಕ್ಕೂ ಬೋಧಿಸಿದವರು ಈ ಸಂಘದವರು. 1901ರಲ್ಲಿ ಇದರ ಕಾರ್ಯದರ್ಶಿಯಾದ ವಿಲಿಯಂ ರೀಸ್ ಜೆಫ್ರೀಸ್ ಸೈಕಲ್ ಪ್ರವಾಸಿ ಸಂಘದಿಂದ ಬಂದವನು. ಆತನೇ 1910ರಲ್ಲಿ ಸರ್ಕಾರದ ರಸ್ತೆ ಮಂಡಲಿಯ ಕಾರ್ಯದರ್ಶಿಯಾಗಿ, ಮೋಟಾರು ಯುಗದ ರಸ್ತೆ ನೀತಿಯ ಶಿಲ್ಪಿಗಳಲ್ಲೊಬ್ಬನಾದನು. ರಸ್ತೆಗಳು ಮೋಟಾರಿಗಾಗಿ ಹುಟ್ಟಿದುವಲ್ಲವೆಂದು 2014ರ ತಮ್ಮ ಗ್ರಂಥದಲ್ಲಿ ಕಾರ್ಲ್‌ಟನ್ ರೀಡ್ ಅವರು ವಾದಿಸಿರುವುದು ಈ ಮಟ್ಟಿಗೆ ಒಪ್ಪತಕ್ಕದ್ದೇ. ಸವಾರರು ಕೇಳಿದುದು ನಯವಾದ ರಸ್ತೆಯನ್ನು. ಅದು ಸಿದ್ಧವಾದಾಗ ಅದರ ಮೇಲೆ ಬಂದುದು ಮೋಟಾರು. 1896ರಲ್ಲಿ ಮೋಟಾರಿಗೆ ಗಂಟೆಗೆ 14 ಮೈಲಿಯ ಮಿತಿಯಿದ್ದಿತು. 1903ರಲ್ಲಿ 20 ಮೈಲಿಯಾಯಿತು. 1930ರ ಶಾಸನ ಖಾಸಗಿ ಕಾರುಗಳಿಗೆ ಆ ಮಿತಿಯನ್ನೂ ತೆಗೆದುಹಾಕಿತು. 1914ರಲ್ಲಿ ಬ್ರಿಟನ್ನಿನಲ್ಲಿದ್ದ ಖಾಸಗಿ ಕಾರುಗಳು ಸುಮಾರು 1,32,000. 1939ರಲ್ಲಿ ಸುಮಾರು 20 ಲಕ್ಷ. 1934ರ ಒಂದೇ ವರ್ಷದಲ್ಲಿ ರಸ್ತೆಗಳ ಮೇಲೆ 7,343 ಮಂದಿ ಸತ್ತರು. ಅದೇ ವರ್ಷದ ಮುಂದಿನ ಶಾಸನವು ಊರೊಳಗಣ ರಸ್ತೆಗಳಿಗೆ 30 ಮೈಲಿಯ ಮಿತಿಯನ್ನು ಗೊತ್ತುಮಾಡಿತು. ಊರಾಚೆಯ ದಾರಿಗೆ ಯಾವ ಮಿತಿಯೂ ಇರಲಿಲ್ಲ.

ಸೈಕಲ್ ಸವಾರನು ಓಣಿದಾರಿಯನ್ನು ಹಿಡಿದುದು ಈ ಕಾಲದಲ್ಲಿ. ಹಿಡಿದನು ಎನ್ನುವುದಕ್ಕಿಂತ ಅಲ್ಲಿಗೆ ನೂಕಲ್ಪಟ್ಟನು ಎಂದರೆ ಹೆಚ್ಚು ಸರಿಯಾದೀತು. ಇದಕ್ಕೆ ಮೂರು ಸಂಗತಿಗಳು ಒದಗಿಬಂದುವು. 1919ರಲ್ಲಿ ಸ್ಥಾಪಿತವಾದ ಸಾರಿಗೆ ಸಚಿವಾಲಯವು 1922-23ರಲ್ಲಿ ರಸ್ತೆಗಳನ್ನು ಎ, ಬಿ ಎಂದು ವರ್ಗೀಕರಿಸಿ ಸಂಖ್ಯೆಗಳನ್ನು ಕೊಟ್ಟಿತು. ಮೋಟಾರುಗಳು ಸಂಖ್ಯೆಯಿದ್ದ ರಸ್ತೆಗಳನ್ನು ಹಿಂಬಾಲಿಸಿದುವು, ಸಂಖ್ಯೆಯಿಲ್ಲದವು ಬರಿದಾದುವು. ಎರಡು ಮಹಾಯುದ್ಧಗಳ ನಡುವೆ ಓಣಿದಾರಿಗಳಿಗೂ ಡಾಂಬರು ಹರಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರುಗಳು ಎಬ್ಬಿಸಿದ ಧೂಳಿಗೆ ಪರಿಹಾರವಾಗಿ ಬಂದ ಈ ಲೇಪ, ಕೆಸರಿನ ದಾರಿಯನ್ನು ಸೈಕಲ್ಲಿಗೆ ಯೋಗ್ಯವಾಗಿ ಮಾಡಿತು. ಮೂರನೆಯದು ನಕ್ಷೆ. ಸರ್ಕಾರದ ಆರ್ಡ್‌ನೆನ್ಸ್ ಸರ್ವೆ ಇಲಾಖೆಯ ಮೈಲಿಗೊಂದು ಅಂಗುಲದ ಜನಪ್ರಿಯ ಆವೃತ್ತಿಯು ಒಂದನೆಯ ಮಹಾಯುದ್ಧದ ತರುವಾಯ ಅಗ್ಗವಾಗಿ ದೊರೆತು, ಗಿರಣಿಯ ಕೆಲಸಗಾರನೂ ಗುಮಾಸ್ತೆಯೂ ಸಂಖ್ಯೆಯಿಲ್ಲದ ದಾರಿಗಳನ್ನು ಒಂದಕ್ಕೊಂದು ಪೋಣಿಸಿ ಇಡೀ ಒಂದು ಸೀಮೆಯನ್ನು ದಾಟಲು ಸಾಧ್ಯವಾಯಿತು. ಇಂದಿಗೂ ಆ ಇಲಾಖೆಯ ನಕ್ಷೆಗಳಲ್ಲಿ ಹಳದಿ ಬಣ್ಣದ ತೆಳುಗೆರೆಗಳನ್ನು ಕಂಡರೆ ಅನುಭವಿಯಾದ ಸವಾರನ ಕಣ್ಣು ಅರಳುತ್ತದೆ.

ಹಿಂದಿನ ಮಹಾಮಾರ್ಗಗಳ ಗತಿಯಲ್ಲಿಯೂ ಈ ಆಕಸ್ಮಿಕತೆಯನ್ನು ಕಾಣಬಹುದು. ರೋಮನರು ನಿರ್ಮಿಸಿದ ವಾಟ್ಲಿಂಗ್ ಸ್ಟ್ರೀಟಿನ ಬಹುಭಾಗ ‘ಎ 5’ ಎಂಬ ಸಂಖ್ಯೆ ಪಡೆದು ಲಾರಿಗಳ ಪಾಲಾಯಿತು. ಅವರದೇ ಫಾಸ್ ವೇ ಎಂಬ ಮಾರ್ಗವು ಗ್ಲಾಸ್ಟರ್‌ಷೈರ್ ಮತ್ತು ವಿಲ್ಟ್‌ಷೈರ್‌ಗಳ ಗಡಿಯಲ್ಲಿ ಹುಲ್ಲು ಬೆಳೆದ ಹಳ್ಳಿದಾರಿಯಾಗಿ ಉಳಿದಿದೆ. ಬ್ರಿಡ್ಲಿಂಗ್ಟನ್ ಬಳಿಯ ವೋಲ್ಡ್‌ಗೇಟ್ ಎಂಬ ರೋಮನ್ ದಾರಿ ನಿರ್ಜನವಾಗಿದ್ದುದರಿಂದಲೇ ಚಿತ್ರಕಾರ ಡೇವಿಡ್ ಹಾಕ್ನಿ ಅಲ್ಲಿ ವರ್ಷದುದ್ದಕ್ಕೂ ಕುಳಿತು ಚಿತ್ರ ಬರೆಯಲು ಅನುಕೂಲವಾಯಿತು. ವೇಲ್ಸ್‌ನಿಂದ ದನಗಳ ಹಿಂಡುಗಳನ್ನು ಇಂಗ್ಲೆಂಡಿನ ಸಂತೆಗಳಿಗೆ ಹೊಡೆದುಕೊಂಡು ಬರುತ್ತಿದ್ದವರು ಸುಂಕವನ್ನು ತಪ್ಪಿಸಲು ಬಳಸುತ್ತಿದ್ದ ‘ವೆಲ್ಷ್ ರೋಡ್’ ವಾರಿಕ್‌ಷೈರಿನಲ್ಲಿ ಇಂದು ಸಾಮಾನ್ಯ ಹಳ್ಳಿರಸ್ತೆ. ದನಗಳ ಕಾಲದಲ್ಲಿ ಅಲ್ಲಿ ನಿಶ್ಶಬ್ದತೆಯಿದ್ದಿತೆಂದು ಯಾರೂ ಹೇಳಲಾರರು.

ಹೆದ್ದಾರಿಯನ್ನು ಬಿಟ್ಟುದರಿಂದ ಹಕ್ಕೂ ಹೋದೀತೆಂಬ ಭಯ ಸವಾರರನ್ನು ಕಾಡುತ್ತಲೇ ಇದ್ದಿತು. 1934ರ ಡಿಸೆಂಬರಿನಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ರಸ್ತೆಯ ಬದಿಯಲ್ಲಿ ಸೈಕಲ್ಲುಗಳಿಗಾಗಿ ಪ್ರತ್ಯೇಕವಾದ ಪಥವನ್ನು ಸಾರಿಗೆ ಸಚಿವ ಹೋರ್-ಬೆಲೀಷ ಉದ್ಘಾಟಿಸಿದಾಗ, ಸೈಕಲ್ ಪ್ರವಾಸಿ ಸಂಘ ಅದನ್ನು ಸ್ವಾಗತಿಸಲಿಲ್ಲ, ವಿರೋಧಿಸಿತು. ಇಂದು ಓದುವವರಿಗೆ ಇದು ಹಟಮಾರಿತನವಾಗಿ ಕಂಡೀತು. ಇದೇ ಕಾಲದಲ್ಲಿ ನೆದರ್ಲೆಂಡ್ಸಿನಲ್ಲಿ ಅಂಥ ಪಥಗಳು ಬೆಳೆಯುತ್ತಿದ್ದುವೆಂಬುದನ್ನು ನೆನೆದರೆ ಸಂಘ ಒಂದು ಅವಕಾಶವನ್ನು ಕಳೆದುಕೊಂಡಿತೆಂದೂ ವಾದಿಸಬಹುದು. ಆದರೆ 1888ರ ಹಕ್ಕು ಎಷ್ಟು ಕಷ್ಟದಿಂದ ಬಂದುದು ಎಂಬುದನ್ನು ಮರೆತರೆ ಆ ವಿರೋಧದ ಅರ್ಥ ತಿಳಿಯುವುದಿಲ್ಲ. ಪ್ರತ್ಯೇಕ ಪಥವನ್ನು ಒಪ್ಪಿಕೊಂಡವನನ್ನು ನಾಳೆ ರಸ್ತೆಯಿಂದ ಹೊರಹಾಕಬಹುದು ಎಂಬುದು ಅವರ ಶಂಕೆ. ಮುಂದೆ 1949ರ ವಿಶೇಷ ರಸ್ತೆಗಳ ಶಾಸನದ ಮೇರೆಗೆ 1958ರಲ್ಲಿ ಪ್ರೆಸ್ಟನ್ ಬಳಿಯೂ 1959ರಲ್ಲಿ ಎಂ 1 ಎಂಬ ಹೆಸರಿನಲ್ಲಿಯೂ ಮೋಟಾರುಮಾರ್ಗಗಳು ತೆರೆದಾಗ, ಸೈಕಲ್ಲಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆ ಮಟ್ಟಿಗೆ ಶಂಕೆ ನಿಜವಾಯಿತು.

ಆದರೂ ಆ ಮೋಟಾರುಮಾರ್ಗಗಳಿಂದ ಓಣಿದಾರಿಗೆ ಉಪಕಾರವೂ ಆಯಿತೆಂಬುದನ್ನು ಒಪ್ಪಬೇಕು. ಬ್ರಿಟನ್ನಿನ ರಸ್ತೆಗಳ ಒಟ್ಟು ಉದ್ದದಲ್ಲಿ ಮೋಟಾರುಮಾರ್ಗಗಳು ನೂರಕ್ಕೆ ಒಂದು ಪಾಲು ಮಾತ್ರ. ಆದರೆ ಒಟ್ಟು ಮೋಟಾರು ಸಂಚಾರದ ಐದರಲ್ಲೊಂದು ಭಾಗವನ್ನು ಅವು ಹೊರುತ್ತವೆ. ಆ ಭಾರವೆಲ್ಲ ಹಳೆಯ ದಾರಿಗಳಿಗೆ ಹರಿದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಆದರೆ ನಿಶ್ಶಬ್ದತೆಯನ್ನು ಅನುಭವಿಸತಕ್ಕ ಸವಾರರೇ ವಿರಳವಾದರು. 1949ರಲ್ಲಿ ಬ್ರಿಟನ್ನಿನಲ್ಲಿ ಸೈಕಲ್ಲಿನ ಮೇಲೆ ಸಾಗಿದ ದೂರ ಸುಮಾರು 2,400 ಕೋಟಿ ಕಿಲೋಮೀಟರು. 1973ರಲ್ಲಿ ಅದು ಸುಮಾರು 400 ಕೋಟಿಗೆ ಇಳಿದಿದ್ದಿತು. ಈ ಕುಸಿತದ ಕಾಲದಲ್ಲೇ, 1955ರಲ್ಲಿ, ಹೆರಿಫರ್ಡ್‌ಷೈರಿನ ಲೆಮ್‌ಸ್ಟರಿನಲ್ಲಿ ಡಾಂಬರಿಲ್ಲದ ಒರಟು ದಾರಿಗಳಲ್ಲೇ ಸವಾರಿ ಮಾಡುವವರ ಕೂಟವೊಂದು ಹುಟ್ಟಿತು. 1968ರ ಗ್ರಾಮಾಂತರ ಶಾಸನವು ಕುದುರೆಸವಾರರ ಕಾಲುದಾರಿಗಳನ್ನು ಸೈಕಲ್ಲಿಗೂ ತೆರೆಯಿತು.

ರೈಲಿನ ಸರದಿ ಬಂದುದು ಆಗಲೇ. 1963ರ ಬೀಚಿಂಗ್ ವರದಿಯು 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಬೇಕೆಂದು ಶಿಫಾರಸು ಮಾಡಿತು. ಹೆದ್ದಾರಿಯನ್ನು ಬರಿದುಮಾಡಿದ್ದ ರೈಲನ್ನು ಈಗ ಮೋಟಾರು ಬರಿದುಮಾಡಿತು. 1977ರಲ್ಲಿ ಬ್ರಿಸ್ಟಲಿನಲ್ಲಿ ಸೇರಿದ ಸೈಕಲ್ ಪ್ರೇಮಿಗಳ ಗುಂಪೊಂದು, ಜಾನ್ ಗ್ರಿಮ್‌ಷಾ ಎಂಬ ಎಂಜಿನಿಯರರ ಮುಂದಾಳುತನದಲ್ಲಿ, ಬ್ರಿಸ್ಟಲಿಗೂ ಬಾತ್ ನಗರಕ್ಕೂ ನಡುವೆ ಹಳಿ ಕಿತ್ತ ಮಾರ್ಗವನ್ನು 1979ರಿಂದ 1986ರವರೆಗೆ ಸೈಕಲ್ ದಾರಿಯಾಗಿ ಮಾರ್ಪಡಿಸಿತು. ಉದ್ದ 13 ಮೈಲಿ. ಕೆಲಸದ ಬಹುಭಾಗ ಸ್ವಯಂಸೇವಕರದು. ಆ ಗುಂಪೇ ಮುಂದೆ ಸಸ್ಟ್ರಾನ್ಸ್ ಎಂಬ ಸಂಸ್ಥೆಯಾಗಿ, 1995ರಲ್ಲಿ ರಾಷ್ಟ್ರೀಯ ಲಾಟರಿಯ ನಿಧಿಯಿಂದ 4 ಕೋಟಿ 20 ಲಕ್ಷ ಪೌಂಡುಗಳಿಗೂ ಮಿಕ್ಕ ಅನುದಾನ ಪಡೆದು, 2000ದ ಜೂನಿನಲ್ಲಿ 5,000 ಮೈಲಿಗಳ ರಾಷ್ಟ್ರೀಯ ಸೈಕಲ್ ಜಾಲವನ್ನು ಉದ್ಘಾಟಿಸಿತು. ಹಳೆಯ ರೈಲುದಾರಿಗಳಿಂದ ಅಷ್ಟು ಉದ್ದವನ್ನು ತುಂಬಲು ಸಾಧ್ಯವಿರಲಿಲ್ಲ. ಜಾಲದ ಬಹುಭಾಗವು ಓಣಿದಾರಿಗಳ ಮೇಲೆಯೇ ಹಾದುಹೋಯಿತು. ನೀಲಿಯ ಕಿರುಫಲಕವೊಂದನ್ನು ಕಂಬಕ್ಕೆ ಹೊಡೆದಾಗ ಜಾಲ ಸಿದ್ಧವಾಯಿತು.

ಕಿರುಫಲಕ ಸಂಚಾರವನ್ನು ತಡೆಯಲಾರದು. 1977ರಿಂದ ಊರಾಚೆಯ ಸಾಮಾನ್ಯ ರಸ್ತೆಗಳಿಗೆ ಗೊತ್ತಾಗಿರುವ ವೇಗಮಿತಿ ಗಂಟೆಗೆ 60 ಮೈಲಿ. ಬೇರೆ ಆಜ್ಞೆಯಿಲ್ಲದಿದ್ದರೆ ಎದುರು ಬರುವ ಕುರಿಯೂ ಕಾಣದ ತಿರುವಿನ ಓಣಿದಾರಿಗೂ ಅದೇ ಮಿತಿ. ಬ್ರಿಟನ್ನಿನಲ್ಲಿ 2015ರಿಂದ 2020ರವರೆಗಿನ ಅವಧಿಯಲ್ಲಿ ಸತ್ತ ಸೈಕಲ್ ಸವಾರರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಗ್ರಾಮಾಂತರ ರಸ್ತೆಗಳಲ್ಲಿಯೇ ಸತ್ತರು; ಸೈಕಲ್ ಸಂಚಾರದ ಹೆಚ್ಚಿನ ಪಾಲು ಇರುವುದಾದರೋ ಪಟ್ಟಣಗಳಲ್ಲಿ. ಇದರ ಮೇಲೆ, ಕಾರಿನಲ್ಲಿ ದಾರಿ ತೋರುವ ಉಪಕರಣಗಳು ಹೆದ್ದಾರಿ ಕಟ್ಟಿಕೊಂಡಾಗಲೆಲ್ಲ ಅಪರಿಚಿತ ಚಾಲಕರನ್ನು ಸಂಖ್ಯೆಯಿಲ್ಲದ ದಾರಿಗಳಿಗೆ ತಿರುಗಿಸುತ್ತವೆ. ನಕ್ಷೆ ಓದಬಲ್ಲವನಿಗೆ ಮಾತ್ರ ತೆರೆದಿದ್ದ ಓಣಿ ಈಗ ಎಲ್ಲರಿಗೂ ಗೊತ್ತಾಗಿದೆ. 2020ರಲ್ಲಿ ಸಸ್ಟ್ರಾನ್ಸ್ ಸಂಸ್ಥೆ ತನ್ನ ಜಾಲದ ನಾಲ್ಕರಲ್ಲೊಂದು ಭಾಗವನ್ನು, ಎಂದರೆ ಸುಮಾರು 3,700 ಮೈಲಿ ರಸ್ತೆಯನ್ನು, ಸಾಮಾನ್ಯ ಸವಾರರಿಗೆ ಸುರಕ್ಷಿತವಲ್ಲವೆಂದು ಜಾಲದಿಂದ ತೆಗೆಯಿತು ಅಥವಾ ಬೇರೆ ವರ್ಗಕ್ಕೆ ಸೇರಿಸಿತು. ಪ್ರಾಮಾಣಿಕವಾದ ಕ್ರಮವೆಂದು ಇದನ್ನು ಮೆಚ್ಚಬೇಕಾದರೂ, ಆ ದಾರಿಗಳಿಂದ ಮೋಟಾರನ್ನಲ್ಲ, ಸೈಕಲ್ಲಿನ ಫಲಕವನ್ನು ತೆಗೆದರೆಂಬುದನ್ನು ಇತಿಹಾಸಕಾರನು ಬರೆದಿಡಬೇಕಾಗುತ್ತದೆ.

ಶಾಸನದ ಕಡೆಯಿಂದ ಆಗಿರುವ ಒಂದೇ ನೇರ ಪ್ರಯತ್ನ ‘ಶಾಂತ ಓಣಿ’ಗಳದು. ನಾರ್ಫೋಕ್ ಮತ್ತು ಕೆಂಟ್ ಸೀಮೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಕಲ್ಪನೆಗೆ 2000ದ ಸಾರಿಗೆ ಶಾಸನದ 268ನೆಯ ಪ್ರಕರಣದಲ್ಲಿ ಸ್ಥಾನ ದೊರೆಯಿತು; 2006ರಲ್ಲಿ ಇಂಗ್ಲೆಂಡಿಗೆ ನಿಯಮಗಳು ಬಂದುವು. ದಿನಕ್ಕೆ ಸುಮಾರು ಸಾವಿರಕ್ಕಿಂತ ಕಡಮೆ ಮೋಟಾರುಗಳು ಹಾಯುವ ದಾರಿಯನ್ನು ಸ್ಥಳೀಯ ಆಡಳಿತವು ಊರವರೊಡನೆ ಸಮಾಲೋಚಿಸಿ ಹೀಗೆ ಹೆಸರಿಸಬಹುದು. ನಡೆಯುವವರು, ಸೈಕಲ್ ಸವಾರರು, ಕುದುರೆ ಸವಾರರು, ಮೋಟಾರುಗಳು ಎಲ್ಲರೂ ಒಂದೇ ದಾರಿಯನ್ನು ಹಂಚಿಕೊಳ್ಳಬೇಕೆಂಬುದು ಇದರ ಆಶಯ. ಸಫೋಕ್ ಸೀಮೆಯಲ್ಲಿ 2021ರ ಸುಮಾರಿಗೆ ನೂರಕ್ಕೂ ಮಿಕ್ಕ ಓಣಿದಾರಿಗಳಿಗೆ ಈ ಹೆಸರು ಬಂದಿತು. ಸಮೀಕ್ಷೆಯ ಕೆಲಸದಲ್ಲಿ ಪ್ಯಾರಿಷ್ ಪರಿಷತ್ತುಗಳು ಪಾಲುಗೊಂಡುವು, 1555ರಲ್ಲಿ ದಾರಿಯ ಭಾರ ಹೊತ್ತ ಅದೇ ಪ್ಯಾರಿಷ್ಷುಗಳು. ಹೆಸರಿನ ಫಲಕ ನಿಂತ ಮಾತ್ರಕ್ಕೆ ಅಲ್ಲಿ ಯಾರ ಹಕ್ಕೂ ಬದಲಾಗುವುದಿಲ್ಲ. ವೇಗಮಿತಿಯನ್ನು ಇಳಿಸಬೇಕಾದರೆ ಅದಕ್ಕೆ ಬೇರೊಂದು ಆಜ್ಞೆ ಹೊರಡಬೇಕು. ಹೊರಡದ ಕಡೆಗಳಲ್ಲಿ ಆ ಹಸುರು ಫಲಕವನ್ನು ದಾಟಿದ ಮೇಲೂ ಮಿತಿ ಗಂಟೆಗೆ 60 ಮೈಲಿಯೇ ಆಗಿದೆ.